ಕೂತಲ್ಲೇ ಹುಟ್ಟಿದ ಮೂರು ಕಿರುನಾಟಕ

ಮೊದಲು ಸ್ಕ್ರಿಪ್ಟ್ ತನ್ನಿ, ಆಮೇಲೆ ನೋಡುವ ಅಂತ ಇಲ್ಲಿಯ ನಾಟಕದವರು ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ನಮ್ಮಲ್ಲಿ ಸ್ಕ್ರಿಪ್ಟ್ ಬಂದದ್ದೇ ಕೊನೆಗೆ. ಡಿಸೆಂಬರಿನಲ್ಲಿ ಉಡುಪಿಯಲ್ಲಿ ಒಂದೇ ಸಂಜೆ ಮೂರು ಕಿರುನಾಟಕ ಆಡಿದೆವು, ಟಿಕೆಟ್ ಇಟ್ಟು. ಕುರ್ಚಿ ಒಂದೂ ಖಾಲಿ ಉಳಿಯಲಿಲ್ಲ. ಹಾಗಾಗಿ ಈಗ ಸ್ವಲ್ಪ ದೊಡ್ಡ ದನಿಯಲ್ಲೇ ಹೇಳುತ್ತೇನೆ.

ತಂಡದಲ್ಲಿ ಏಳು ಜನ. ಕಣ್ಣು ಕಾಣದವರು, ಕಿವಿ ಕೇಳದವರು, ವೀಲ್‌ಚೇರಿನವರು ಒಬ್ಬರು, ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗ. ನನಗೂ ಬಲಗಾಲಿಗೆ ಪೋಲಿಯೊ. ಎಲ್ಲರಿಗೂ ಹಗಲು ಬೇರೆ ಕೆಲಸ ಉಂಟು.

ಮೊದಲು ಎಲ್ಲರ ಹಾಗೆ ಸ್ಕ್ರಿಪ್ಟ್ ಹಿಡಿದೇ ಹೊರಟೆವು. ಬ್ರೈಲ್ ಪ್ರಿಂಟಿಗೆ ಮೂರು ಸಾವಿರದ ಹತ್ತಿರ ಹೋಯಿತು, ಪ್ರಿಂಟ್ ಕೈಗೆ ಬರುವಷ್ಟರಲ್ಲಿ ಎರಡು ದೃಶ್ಯ ಬದಲಾಗಿತ್ತು. ಕಿವಿ ಕೇಳದವರ ಮಾತು ಸನ್ನೆ ಭಾಷೆ, ಬರೆದ ಕನ್ನಡ ಅವರಿಗೆ ಎರಡನೇ ಭಾಷೆ. ಸಾಲು ಸಾಲಾಗಿ ಓದಿಸುವುದರಲ್ಲೇ ತಿಂಗಳು ಕಳೆಯಿತು, ನಟನೆ ಶುರುವೇ ಆಗಲಿಲ್ಲ. ಈ ನಡುವೆ ಒಬ್ಬ ಸ್ಪಾನ್ಸರ್ ಬಂದರು. ಎರಡು ಮೀಟಿಂಗ್ ಆದ ಮೇಲೆ, ಕೊನೆಯ ದೃಶ್ಯದಲ್ಲಿ ನೋಡುವವರಿಗೆ ಕಣ್ಣೀರು ಬರಬೇಕು ಅಂದರು. ಬಾಯಿ ಬಿಟ್ಟೇ ಅಂದರು! ಆ ದುಡ್ಡು ಬೇಡ ಅಂದೆವು. ಬೇಡ ಅನ್ನಲು ಎರಡು ವಾರ ಬೇಕಾಯಿತು, ಯಾಕೆಂದರೆ ಕೈಯಲ್ಲಿ ಬೇರೆ ದುಡ್ಡು ಇರಲಿಲ್ಲ.

ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಇಲ್ಲಿ ತಾಳಮದ್ದಳೆಯ ಕಾಲ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಒಂದು ಕೂಟಕ್ಕೆ ನಮ್ಮ ಮ್ಯೂಸಿಕ್ ಟೀಚರನ್ನು (ಕಣ್ಣು ಕಾಣದ ನಟ) ಕರೆದುಕೊಂಡು ಹೋಗಿದ್ದೆ. ವೇಷ ಇಲ್ಲ, ಕುಣಿತ ಇಲ್ಲ, ಓಡಾಟ ಇಲ್ಲ. ಪ್ರಸಂಗ ಗೊತ್ತು, ಪದ್ಯ ಗೊತ್ತು, ಅರ್ಥ, ಅಂದರೆ ಪಾತ್ರದ ಮಾತು, ಮಾತ್ರ ಆಗ ಹುಟ್ಟಿದ್ದು. ಹಿಂದೆ ತಾಳಮದ್ದಳೆಯ ದೊಡ್ಡ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರು ಕೂತಲ್ಲಿಂದ ಏಳದೆ ವಾಲಿಯನ್ನು ಎದುರಿಗೆ ತಂದು ನಿಲ್ಲಿಸುತ್ತಿದ್ದರು, ಅಲ್ವಾ? ಹಾಗಾದರೆ ನಮಗೇನು ಅಡ್ಡಿ?

ಅಲ್ಲಿಂದ ನಮ್ಮ ಕ್ರಮ ಇಷ್ಟೇ. ನಾಲ್ಕು ಸಾಲಿನ ಕಥೆ, ಎಲ್ಲರೂ ಸುತ್ತ ಕೂರುವುದು, ಪದ್ಯದ ಜಾಗದಲ್ಲಿ ನಾನು ಒಂದು ವಾಕ್ಯ ಕೊಡುವುದು, ಉಳಿದದ್ದು ಅವರದ್ದು. ಮಾತನ್ನೂ ಸನ್ನೆಯನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿ, ಚೆನ್ನಾಗಿ ಬಂದದ್ದನ್ನು ಮಾತ್ರ ಆಮೇಲೆ ಬರೆದುಕೊಂಡೆವು. ಲೈಟಿನ ಕ್ಯೂಗೆ (ಯಾವಾಗ ಏನು ಅನ್ನುವ ಸೂಚನೆ), ಪರದೆಯ ಮೇಲೆ ಸಾಲು ಹಾಕಲಿಕ್ಕೆ ಬರಹ ಬೇಕೇ ಬೇಕು, ಅದಿಲ್ಲ ಅನ್ನುವುದಿಲ್ಲ. ನಾನು ಕೊಡುವ ವಾಕ್ಯವನ್ನು ಹೇಗೆ ಆರಿಸುತ್ತೇನೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಮನೆ ಪಾಲಿನ ನಾಟಕ. ಅಣ್ಣನಿಗೆ ಕಣ್ಣು ಕಾಣುವುದಿಲ್ಲ, ತಮ್ಮನಿಗೆ ಕಿವಿ ಕೇಳುವುದಿಲ್ಲ. ಅಣ್ಣ ಆಡಿದ್ದು ತಮ್ಮನಿಗೆ ತಲುಪುವುದಿಲ್ಲ, ತಮ್ಮ ಸನ್ನೆ ಮಾಡಿದ್ದು ಅಣ್ಣನಿಗೆ ಕಾಣುವುದಿಲ್ಲ. ಮೊದಲು ಮಾತನ್ನು ಸನ್ನೆಗೆ ತರುವ ಇಂಟರ್‌ಪ್ರೆಟರನ್ನು ಮೂಲೆಯಲ್ಲಿ ನಿಲ್ಲಿಸಿದೆವು. ತಮ್ಮನ ಪಾತ್ರದ ಟೈಲರಣ್ಣ (ಕಿವಿ ಕೇಳದ ನಟ) ಇಡೀ ದೃಶ್ಯ ಆ ಮೂಲೆಯನ್ನೇ ನೋಡುತ್ತಾ ಅಣ್ಣನಿಗೆ ಬೆನ್ನು ಹಾಕಿ ಕೂತ. ಹಾಗಾಗಿ ವೀಲ್‌ಚೇರಿನವರನ್ನು ಸೋದರಮಾವ ಮಾಡಿ ಇಬ್ಬರ ನಡುವೆ ಕೂರಿಸಿದೆವು. ಅವರಿಗೆ ಸನ್ನೆ ಚೆನ್ನಾಗಿ ಬರುತ್ತದೆ. ಒಂದು ದಿನ ಅಣ್ಣ, ‘ಮನೆ ಮಾರುವುದು ಬೇಡ, ತೋಟ ಬೇಕಾದರೆ ಗೇಣಿಗೆ ಕೊಡುವ’ ಅಂದ. ಮಾವ ಸುಮ್ನೆ ತಮಾಷೆಗೆ ಎರಡು ಅಂಗೈ ಸೇರಿಸಿ ಮನೆಯ ಮಾಡು ತೋರಿಸಿ, ಬೆರಳು ಉಜ್ಜಿ ದುಡ್ಡು ತೋರಿಸಿ, ಕೈ ಬೀಸಿ ಹೋಯಿತು ಅಂತ ಮಾಡಿದರು. ಟೈಲರಣ್ಣ ನಿಜವಾಗಿಯೇ ಎದ್ದು ಅಣ್ಣನ ಕಾಲರ್ ಹಿಡಿದ. ಅಣ್ಣನಿಗೆ ಎಂತದ್ದು ಅಂತಲೇ ಗೊತ್ತಿಲ್ಲ, ‘ಯಾರು ಮಾರಾಯ್ರೆ, ಯಾರು?’ ಅಂತ ಕೂಗುತ್ತಿದ್ದಾನೆ. ಅಷ್ಟೇ, ನಾಟಕ ಸಿಕ್ಕಿತು. ದಲ್ಲಾಳಿ ಮಾವ ಹನ್ನೆರಡು ನಿಮಿಷ ಇಬ್ಬರಿಗೂ ಸುಳ್ಳು ಹೇಳುತ್ತಾ ಹೋಗುತ್ತಾನೆ. ಇದನ್ನು ಮೇಜಿನ ಮುಂದೆ ಕೂತು ಬರೆಯಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ, ಬೇರೆಯವರಿಂದಲೂ ಆಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ. ಶೋ ದಿನ ಮಾತು ಸನ್ನೆ ಎರಡೂ ಗೊತ್ತಿದ್ದವರು ಮೊದಲು ನಕ್ಕರು, ಉಳಿದವರು ಅವರನ್ನು ನೋಡಿ ಹುಷಾರಾದರು.

ಸ್ಟೇಜಿನದ್ದು ಬೇರೆಯೇ ಕಥೆ. ಹಾಲಿನ ಸ್ಟೇಜ್ ಮೂರು ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಲೆಕ್ಕದಲ್ಲಿ ರ‍್ಯಾಂಪ್ ಹಾಕಿದರೆ 36 ಅಡಿ ಉದ್ದ ಬೇಕು, ಅಷ್ಟು ಜಾಗ ಎಲ್ಲಿದೆ? ನಾಲ್ಕು ಜನ ಎತ್ತಿದರೆ ಆಯ್ತಲ್ಲ ಅಂದರು ಹಾಲಿನವರು. ‘ನನ್ನನ್ನು ಚೌತಿ ಗಣಪತಿಯ ಹಾಗೆ ಹೊರುವುದು ಬೇಡ’ ಅಂದರು ನಮ್ಮ ಮಾವ. ಸ್ಟೇಜನ್ನೇ ಬಿಟ್ಟು ನೆಲದಲ್ಲಿ ಆಡಿದೆವು, ಬಯಲಾಟದಲ್ಲಿ ಕೂತ ಹಾಗೆ ಮೂರು ಕಡೆ ಜನ, ನಾಲ್ಕು ನಾಲ್ಕು ಸಾಲು, ಹಿಂದಿನ ಎರಡು ಸಾಲು ಬೆಂಚಿನ ಮೇಲೆ. ಅದಕ್ಕಿಂತ ಜಾಸ್ತಿ ಸಾಲು ಹಾಕಿದರೆ ಕೂತು ನಟಿಸುವವರು ಕಾಣುವುದಿಲ್ಲ.

ಕಿವಿ ಕೇಳದವರಿಗೆ ಕ್ಯೂ ಕೊಡಲಿಕ್ಕೆ ಚೆಂಡೆ ಆದೀತಾ ಅಂತ ನನಗೆ ಒಂದು ಹುಚ್ಚು. ಒಬ್ಬ ಹುಡುಗನನ್ನು ಕರೆಸಿ ಬಾರಿಸಿಯೂ ಆಯಿತು. ಎದೆಗೆ ಏನೋ ಬಡಿಯುತ್ತದೆ, ಯಾವ ಪೆಟ್ಟು ಯಾವುದು ಅಂತ ಗೊತ್ತಾಗುವುದಿಲ್ಲ ಅಂದ ಟೈಲರಣ್ಣ. ಪಕ್ಕದ ಮನೆಯವರಿಗೆ ಮಾತ್ರ ಚೆನ್ನಾಗಿ ಗೊತ್ತಾಯಿತು. ಆಮೇಲೆ ನಾಲ್ಕು ಇಂಚು ಎತ್ತರದ ಮರದ ರೀಪಿನ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಕಿದೆವು, ವೀಲ್‌ಚೇರಿಗೆ ನಾಲ್ಕು ಅಡಿ ಹಲಗೆಯ ಇಳಿಜಾರು ಸಾಕಾಯಿತು. ಕಾಲಿನಿಂದ ಒಂದು ಗುದ್ದು ಕೊಟ್ಟರೆ ಆಚೆ ತುದಿಯಲ್ಲಿ ಕೂತವರ ಪಾದಕ್ಕೆ ಸಲೀಸಾಗಿ ತಲುಪುತ್ತದೆ. ಕಣ್ಣು ಕಾಣದವರಿಗೂ ಅದೇ ಉಪಕಾರ: ಹೆಜ್ಜೆಯ ಸದ್ದಿನಲ್ಲೇ ಎಲ್ಲಿದ್ದೇವೆ ಅಂತ ಗೊತ್ತು, ಅಂಚಿಗೆ ತೆಂಗಿನ ನಾರಿನ ಮ್ಯಾಟ್ ಹಾಕಿದರೆ ಇನ್ನೂ ನಿಶ್ಚಿಂತೆ. ಮೂರನೇ ನಾಟಕದಲ್ಲಿ ಕಣ್ಣು ಕಾಣದ ಇಬ್ಬರು ಎದುರುಬದುರು ಓಡಿಬಂದು ಒಂದು ಗೇಣು ಅಂತರದಲ್ಲಿ ನಿಲ್ಲುತ್ತಾರೆ. ಅದು ಹೇಗೆ ಅಂತ ಹೇಳುವುದಿಲ್ಲ, ಟಿಕೆಟ್ ತೆಗೆದು ಬನ್ನಿ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಒಟ್ಟು 80 ಸಾವಿರದ ಆಚೀಚೆ. ರಿಕ್ಷಾಕ್ಕೇ 22 ಸಾವಿರ ಹೋಗಿರಬೇಕು, ನಮ್ಮ ಸಿಟಿ ಬಸ್ಸಿನ ಮೆಟ್ಟಿಲು ಯಾರಿಗೆ ಹತ್ತಲಿಕ್ಕಾಗುತ್ತದೆ ಹೇಳಿ. ಇಂಟರ್‌ಪ್ರೆಟರಿಗೆ 15, ಹಾಲ್ ಮತ್ತು ಲೈಟಿಗೆ 17, ನಟರಿಗೆ ತಲಾ ಒಂದೂವರೆ. ಕಡಿಮೆಯೇ, ಆದರೂ ಕೊಟ್ಟಿದ್ದೇವೆ. ಉಳಿದದ್ದು ಪ್ಲೈವುಡ್, ಚಾ, ಅವಲಕ್ಕಿ, ಬನ್ಸ್. ಟಿಕೆಟಿನಿಂದ 18 ಬಂತು, ಸ್ನೇಹಿತರ ಚಂದಾ 40, ಮಿಕ್ಕಿದ್ದು ನನ್ನ ಕೈಯಿಂದ. ಬಜೆಟ್ ಮಾಡುವವರು ರಿಕ್ಷಾವನ್ನು ‘ಇತರೆ ಖರ್ಚು’ ಅಂತ ಕೊನೆಗೆ ಹಾಕಬೇಡಿ, ಮೊದಲ ಸಾಲಿನಲ್ಲೇ ಬರೆಯಿರಿ.

ಮುಂದಿನ ಶೋ ಮಂಗಳೂರಿನಲ್ಲಿ ಮಾಡಬೇಕು ಅಂತ ಉಂಟು. ಪುರಭವನದಷ್ಟು ದೊಡ್ಡದು ಬೇಡ, ಇನ್ನೂರು ಜನ ಹಿಡಿಸಿದರೆ ಸಾಕು. ಈವರೆಗೆ ನೋಡಿದ ಹಾಲುಗಳಲ್ಲಿ ಟಾಯ್ಲೆಟ್ ಬಾಗಿಲು 24 ಇಂಚು, ಮಾವನ ವೀಲ್‌ಚೇರ್ 26. ಗ್ರೌಂಡ್ ಫ್ಲೋರಿನಲ್ಲಿ 30 ಇಂಚಿನ ಬಾಗಿಲಿರುವ ಟಾಯ್ಲೆಟ್ ಎಲ್ಲಾದರೂ ಕಂಡರೆ ತಿಳಿಸಿ. ಎಸಿ ಇಲ್ಲದಿದ್ದರೂ ಆದೀತು.