ಗೇಟಿಗೆ ಬೇರೆಯವರ ಬೀಗ

ದಿವಾಳಿಯಾದ ಕಂಪನಿಯ ಆಸ್ತಿ ಮಾರಿ ಬಾಕಿ ತೀರಿಸುವ ಲಿಕ್ವಿಡೇಟರ್ ಆಗಿ ಆ ಕಾರ್ಖಾನೆಗೆ ಮೊದಲ ಸಲ ಹೋದಾಗ ಗೇಟಿಗೆ ಹೊಸ ಬೀಗ, ಒಳಗೆ ಆರು ಲಾರಿ, ಶೆಡ್ಡಿನ ಮುಂದೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆ. ಜೊತೆಗಿದ್ದ ಹುಡುಗ "ಒಡೆಸೋಣ ಸರ್" ಅಂದ. ಬೇಡ ಅಂದೆ. ಒಡೆಸಿದ್ದರೆ ಮಾರನೇ ದಿನ ನನ್ನ ಮೇಲೇ ಪೊಲೀಸ್ ದೂರು ಬೀಳುತ್ತಿತ್ತು. ದಿವಾಳಿ ಸಂಹಿತೆಯ 35ನೇ ಕಲಂ ಕಂಪನಿಯ ಆಸ್ತಿಯನ್ನು ವಶಕ್ಕೆ ತಗೋ ಅನ್ನುತ್ತೆ ನಿಜ, ಹಾಗಂತ ಯಾರನ್ನೂ ರಟ್ಟೆ ಹಿಡಿದು ಎಳೆಯೋಕೆ ಹೇಳಿಲ್ಲ.

ಅವತ್ತು ಫೋಟೋ, ವಿಡಿಯೋ ತೆಗೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮಹಜರು ಬರೆಸಿ ಬಂದೆ, ಅಷ್ಟೇ.

ಶೆಡ್ಡಿನಲ್ಲಿ ಇದ್ದದ್ದು ಹಳೇ ಕಾರ್ಮಿಕನ ಸಂಸಾರ. ಸಂಬಳ ಬಾಕಿ, ಅದು ಬರೋವರೆಗೆ ಬಿಡಲ್ಲ ಅಂದರು. ಸಿಟ್ಟು ಬರಲಿಲ್ಲ. 53ನೇ ಕಲಮಿನಲ್ಲಿ ಹಣ ಹಂಚುವ ಸರದಿಯಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಮೇಲಿನ ಜಾಗವೇ ಇದೆ, ಇಲ್ಲಿ ಕೂತರೆ ಅದು ಜಾಸ್ತಿ ಆಗಲ್ಲ ಅಂತ ಹೇಳಿ ಕ್ಲೇಮ್ ಅರ್ಜಿ ತುಂಬಿಸಿದೆ. ಮೂರು ವಾರಕ್ಕೆ ಖಾಲಿ ಮಾಡಿದರು.

ಲಾರಿಯವನು ಹಾಗಲ್ಲ. ಹಳೇ ನಿರ್ದೇಶಕರೇ ಲೀಸ್ ಕೊಟ್ಟಿದ್ದಾರೆ ಅಂತ ಕರಾರು ಮುಂದಿಟ್ಟ, ಮೊರಟೋರಿಯಂ (ದಿವಾಳಿ ಪ್ರಕ್ರಿಯೆ ವೇಳೆ ದಾವೆ, ವಸೂಲಿಗೆ ಇರುವ ತಡೆ) ಇದೆ, ನನ್ನನ್ನ ಎಬ್ಬಿಸೋಕಾಗಲ್ಲ ಅಂತ ದಬಾಯಿಸಿದ ಬೇರೆ. ಮೊರಟೋರಿಯಂ ಕಾಯೋದು ಕಂಪನಿಯನ್ನು, ಇವನನ್ನಲ್ಲ. ಅದೂ ಲಿಕ್ವಿಡೇಷನ್ ಆದೇಶದ ದಿನವೇ ಮುಗಿದಿತ್ತು. ನಿಜವಾದ ಬಾಡಿಗೆದಾರನಾಗಿದ್ದರೆ ಕತೆ ಬೇರೆ, ಸುಮ್ನೆ ಒಕ್ಕಲೆಬ್ಬಿಸೋಕೆ ಬರಲ್ಲ. ಅದಕ್ಕೇ ಕರಾರನ್ನು ಮನೆಗೆ ತಂದು ರಾತ್ರಿ ತಿರುವಿ ಹಾಕಿದೆ. ಕರಾರಿನ ತಾರೀಖು ಜನವರಿ. ಸ್ಟಾಂಪ್ ಪೇಪರ್ ಹಿಂದೆ ಮಾರಿದವನ ಮೊಹರು ಅದೇ ವರ್ಷದ ಮೇ ತಿಂಗಳದ್ದು! ಕಂಪನಿಯ ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ ಜಾಲಾಡಿದರೂ ಬಾಡಿಗೆ ಅಂತ ಒಂದು ರೂಪಾಯಿ ಬಂದಿರಲಿಲ್ಲ.

ಈ ಎರಡನ್ನೇ ಹಿಡಿದು ಸಂಹಿತೆಯ 60(5)ನೇ ಕಲಂ ಅಡಿ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಅರ್ಜಿ ಹಾಕಿದೆ. ಸ್ವಾಧೀನ ಬೇಕು ಅಂತ ಮಾತ್ರ ಬರೆದರೆ ಸಾಲದು, ಪೊಲೀಸ್ ನೆರವನ್ನೂ ಅದೇ ಅರ್ಜಿಯಲ್ಲಿ ಕೇಳಬೇಕು, ಇಲ್ಲದಿದ್ದರೆ ಆದೇಶ ಹಿಡಿದು ಠಾಣೆಗೆ ಅಲೆಯೋದೇ ಆಗುತ್ತೆ. ಏಳು ತಿಂಗಳಿಗೆ ಆದೇಶ ಬಂತು.

ಪೊಲೀಸರ ಜೊತೆ ಹೋದ ದಿನ ಐದು ಲಾರಿ ಮಾಯ. ಆರನೆಯದು ಚಕ್ರವಿಲ್ಲದೆ ಇಟ್ಟಿಗೆ ಮೇಲೆ ನಿಂತಿತ್ತು. ಬಿಟ್ಟುಹೋದ ಸಾಮಾನನ್ನು ಏನು ಮಾಡಬೇಕು ಅಂತ ಅರ್ಜಿಯಲ್ಲಿ ಕೇಳೋದನ್ನೇ ನಾನು ಮರೆತಿದ್ದೆ. ಆ ಒಂದು ಲಾರಿಗೆ ಮತ್ತೊಂದು ಅರ್ಜಿ.