ಸಿಲಬಸ್ ಮುಟ್ಟದೆ ಕಂಪ್ಯೂಟರ್ ಸೈನ್ಸ್ ಲ್ಯಾಬ್ ಸರಿಮಾಡುವುದು ಹೇಗೆ

ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಪರೀಕ್ಷೆ. ಹುಡುಗಿ ಚೀಟಿ ಎತ್ತಿದಳು, ಸಿಂಗ್ಲಿ ಲಿಂಕ್ಡ್ ಲಿಸ್ಟ್ ಬಂತು, ಅಂದ್ರೆ ಪ್ರತಿ ನೋಡೂ (ಒಬ್ಬರ ಮಾಹಿತಿ ಇರುವ ಡಬ್ಬಿ) ಮುಂದಿನದರ ವಿಳಾಸ ಇಟ್ಟುಕೊಂಡಿರುವ ಸರಪಳಿ. ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ), ಹೆಸರು, ಬ್ರಾಂಚ್, ಸೆಮಿಸ್ಟರ್, ಫೋನ್ ನಂಬರ್ ಇರುವ ವಿದ್ಯಾರ್ಥಿಗಳ ಪಟ್ಟಿ. ಮುಂದೆ ಸೇರಿಸು, ಹಿಂದೆ ಸೇರಿಸು, ಮುಂದಿನಿಂದ ತೆಗೆ, ಹಿಂದಿನಿಂದ ತೆಗೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನಲ್ಲಿ ಓದಿದವರಿಗೂ ಪಾಠ ಮಾಡುವವರಿಗೂ ಈ ಪ್ರೋಗ್ರಾಂ ನಿದ್ದೆಯಲ್ಲೂ ಬರುತ್ತೆ. ಅವಳು ಪಟಪಟ ಟೈಪ್ ಮಾಡಿದಳು, ಔಟ್‌ಪುಟ್ ಬಂತು. ಎಕ್ಸಾಮಿನರ್ ಆಗಿ ಕೂತಿದ್ದ ನಾನು, "ಚೆನ್ನಾಗಿದೆಮ್ಮಾ, ಈಗ ಮಧ್ಯದಲ್ಲಿರುವ ಒಬ್ಬರನ್ನ ಯುಎಸ್‌ಎನ್ ನೋಡಿ ತೆಗೆದುಹಾಕು" ಅಂದೆ. ಅವಳು ಸ್ಕ್ರೀನ್ ನೋಡಿದಳು, ನನ್ನ ಮುಖ ನೋಡಿದಳು.

"ಮೇಡಂ, ಅದು ಮ್ಯಾನುಯಲ್‌ನಲ್ಲಿ ಇಲ್ಲ."

ಅವಳು ದಡ್ಡಿಯಲ್ಲ. ನೂರಕ್ಕೂ ಜಾಸ್ತಿ ಸಾಲು ಕೋಡನ್ನು ಒಂದು ಸೆಮಿಕೋಲನ್ ತಪ್ಪದೆ ಬಾಯಿಪಾಠ ಮಾಡಿದ್ದಳು, ಅದು ಸುಮ್ನೆ ಆಗುವ ಕೆಲಸ ಅಲ್ಲ. ನಾವು ಅವಳಿಂದ ಕೇಳಿದ್ದೇ ಅದನ್ನು, ಅವಳು ಕೊಟ್ಟಿದ್ದೂ ಅದನ್ನೇ.

ವಿಟಿಯು ಅಡಿಯಲ್ಲಿರುವ ಸಾಮಾನ್ಯ ಕಾಲೇಜುಗಳಲ್ಲಿ ಪಾಠ ಮಾಡುವ ನಮ್ಮಂಥವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. 1998ರಲ್ಲಿ ವಿಶ್ವವಿದ್ಯಾಲಯ ಶುರುವಾದಾಗಿನಿಂದ ನಮ್ಮ ಸಿಲಬಸ್ ಬೆಳಗಾವಿಯಿಂದ ಬರುತ್ತದೆ, ಥಿಯರಿ ಪ್ರಶ್ನೆಪತ್ರಿಕೆಯೂ ಅಲ್ಲಿಂದಲೇ. ಅದನ್ನು ಬದಲಿಸಲು ನಮಗೆ ಅಧಿಕಾರ ಇಲ್ಲ. ಆದರೆ 2022ರ ಸ್ಕೀಮಿನಲ್ಲಿ 100ಕ್ಕೆ 50 ಅಂಕ ಕಾಲೇಜೇ ಕೊಡುವ ಇಂಟರ್ನಲ್ಸ್‌ಗೆ ಇದೆ. ವಾರದ ಲ್ಯಾಬ್‌ನ ಎರಡು ಗಂಟೆ ಹೇಗೆ ಕಳೆಯಬೇಕು ಅನ್ನೋದು ಪೂರ್ತಿ ನಮ್ಮ ಕೈಯಲ್ಲಿದೆ. ಯಾರ ಸಹಿಯೂ ಬೇಡ. ಕಂಪ್ಯೂಟರ್ ಸೈನ್ಸ್ ಶಿಕ್ಷಣ ಸುಧಾರಿಸಬೇಕು ಅಂದ್ರೆ ನಾನು ಮೊದಲು ಕೈಹಾಕೋದು ಈ ಎರಡು ಗಂಟೆಗೆ.

ಮೊದಲನೇ ಕೆಲಸ: ಸರಿಯಿರುವ ಕೋಡ್ ಕೊಡಬೇಡಿ

ಲ್ಯಾಬ್‌ನ ಹಿಂದಿನ ದಿನ ಮ್ಯಾನುಯಲ್‌ನ ಪ್ರೋಗ್ರಾಮನ್ನು ನೀವೇ ಟೈಪ್ ಮಾಡಿ, ಅದರಲ್ಲಿ ಎರಡೋ ಮೂರೋ ತಪ್ಪು ಸೇರಿಸಿ. ಸೆಮಿಕೋಲನ್ ಬಿಡುವಂಥ ತಪ್ಪು ಬೇಡ, ಅದನ್ನು ಕಂಪೈಲರ್ ಹಿಡಿದುಕೊಡುತ್ತದೆ. ಕಂಪೈಲ್ ಆಗಬೇಕು, ಮಾಮೂಲಿ ಇನ್‌ಪುಟ್ ಕೊಟ್ಟರೆ ಔಟ್‌ಪುಟ್ಟೂ ಸರಿ ಬರಬೇಕು, ಆದರೆ ಯಾವುದೋ ಒಂದು ಸಂದರ್ಭದಲ್ಲಿ ಮುರಿದು ಬೀಳಬೇಕು. ಅಂಥ ತಪ್ಪು ಹಾಕಿ.

ಉದಾಹರಣೆಗೆ ಅದೇ ಲಿಂಕ್ಡ್ ಲಿಸ್ಟಿನಲ್ಲಿ ಕೊನೆಯ ನೋಡ್ ತೆಗೆಯುವ ಫಂಕ್ಷನ್ ತಗೊಳ್ಳಿ. ಲಿಸ್ಟಿನಲ್ಲಿ ಒಂದೇ ನೋಡ್ ಇದ್ದರೆ ಅದನ್ನು ಫ್ರೀ ಮಾಡಿ ಪಟ್ಟಿಯ ಆರಂಭ ತೋರಿಸುವ ಫಸ್ಟ್ ಪಾಯಿಂಟರನ್ನು ನಲ್ (ಖಾಲಿ) ಮಾಡಬೇಕು. ಆ ನಲ್ ಮಾಡುವ ಸಾಲನ್ನು ಅಳಿಸಿಬಿಡಿ. ಐದು ಜನರ ಪಟ್ಟಿಯಲ್ಲಿ ಎರಡು ಸಲ ಡಿಲೀಟ್ ಒತ್ತಿದರೆ ಏನೂ ಆಗಲ್ಲ. ಐದೂ ಜನರನ್ನು ತೆಗೆದು ಆಮೇಲೆ ಡಿಸ್‌ಪ್ಲೇ ಒತ್ತಿದರೆ ಮಾತ್ರ ಕಸದಂಥ ಅಕ್ಷರಗಳು ಬರುತ್ತವೆ, ಅಥವಾ ಸೆಗ್ಮೆಂಟೇಶನ್ ಫಾಲ್ಟ್ ಅಂತ ಪ್ರೋಗ್ರಾಂ ನಿಂತೇ ಹೋಗುತ್ತದೆ. ಕೆಲವೊಮ್ಮೆ ಹಳೇ ಹೆಸರಿನ ಚೂರುಗಳೇ ಸ್ಕ್ರೀನ್ ಮೇಲೆ ಬರುತ್ತವೆ. "ತೆಗೆದ ಮೇಲೂ ಹೇಗೆ ಬಂತು ಮೇಡಂ?" ಅಂತ ಕೇಳೇ ಕೇಳ್ತಾರೆ. ಆ ಪ್ರಶ್ನೆ ಅವರ ಬಾಯಿಂದ ಬರಲಿ ಅಂತಲೇ ಇಷ್ಟೆಲ್ಲ ಮಾಡೋದು. ಫ್ರೀ ಮಾಡಿದರೆ ಜಾಗ ವಾಪಸ್ ಕೊಟ್ಟ ಹಾಗೆ, ಅಲ್ಲಿರುವುದನ್ನು ಒರೆಸಿದ ಹಾಗಲ್ಲ. ಬೋರ್ಡಿನ ಮೇಲೆ ನಾನು ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ತಲೆಗೆ ಹೋಗಿದ್ದು ಸ್ಕ್ರೀನ್ ಮೇಲೆ ಕಂಡ ದಿನವೇ.

ಮೊದಲ ಹದಿನೈದು ನಿಮಿಷ ಕೀಬೋರ್ಡ್ ಮುಟ್ಟಲು ಬಿಡಬೇಡಿ. ಕಾಗದದ ಮೇಲೆ ಡಬ್ಬಿ ಮತ್ತು ಬಾಣ ಬರೆದು, ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ, ಒಬ್ಬರೇ ಇದ್ದರೆ, ಇಬ್ಬರಿದ್ದರೆ ಏನಾಗುತ್ತದೆ ಅಂತ ಬೆರಳಿಟ್ಟು ನೋಡಲಿ. ಆಮೇಲೆ ರನ್ ಮಾಡಲಿ. ಕ್ರ್ಯಾಶ್ ಆದಾಗ ಜಿಡಿಬಿ ಅನ್ನುವ ಡಿಬಗ್ಗರ್ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ನೋಡುವ ಸಾಧನ) ತೆಗೆಸಿ. ನಾಲ್ಕು ವರ್ಷ ಸಿ ಪ್ರೋಗ್ರಾಂ ಬರೆದು ಒಮ್ಮೆಯೂ ಡಿಬಗ್ಗರ್ ತೆರೆಯದೆ ಡಿಗ್ರಿ ತಗೊಂಡು ಹೋಗುವವರು ನಮ್ಮಲ್ಲಿ ತುಂಬ ಜನ ಇದ್ದಾರೆ. ನನಗೆ ನಿಜವಾಗಿ ಬೇಸರ ಆಗೋದು ಇದಕ್ಕೆ, ಯಾಕಂದ್ರೆ ಇದು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದಾದ ವಿದ್ಯೆ. ಬ್ರೇಕ್‌ಪಾಯಿಂಟ್ ಇಡೋದು, ಒಂದೊಂದೇ ಸಾಲು ಮುಂದೆ ಹೋಗೋದು, ವೇರಿಯಬಲ್ ಒಳಗೆ ಏನಿದೆ ನೋಡೋದು, ಕ್ರ್ಯಾಶ್ ಆದ ಜಾಗಕ್ಕೆ ಯಾವ ಫಂಕ್ಷನ್‌ನಿಂದ ಬಂದೆವು ಅಂತ ಹಿಂದಕ್ಕೆ ನೋಡೋದು, ಶುರುವಿಗೆ ಇಷ್ಟು ಸಾಕು.

ಇನ್ನು ರೆಕಾರ್ಡ್, ಅಂದ್ರೆ ಲ್ಯಾಬ್ ಪುಸ್ತಕ. ಇಡೀ ಪ್ರೋಗ್ರಾಮನ್ನು ಕೈಯಲ್ಲಿ ಬರೆಸುವುದು ನಿಲ್ಲಿಸಿ, ಪ್ರಿಂಟ್ ಅಂಟಿಸಲಿ. ಬರೆಯಬೇಕಾದ್ದು ಮೂರೇ ವಾಕ್ಯ: ತಪ್ಪು ಎಲ್ಲಿತ್ತು, ಯಾವ ಇನ್‌ಪುಟ್‌ಗೆ ಕಾಣಿಸಿತು, ಬೇರೆ ಇನ್‌ಪುಟ್‌ಗೆ ಯಾಕೆ ಕಾಣಿಸಲಿಲ್ಲ. ಮೂರನೆಯದನ್ನು ಸೀನಿಯರ್ ರೆಕಾರ್ಡಿನಿಂದ ಕಾಪಿ ಹೊಡೆಯೋಕೆ ಆಗಲ್ಲ, ಯಾಕಂದ್ರೆ ಸೀನಿಯರ್‌ಗೆ ನೀವು ಕೊಟ್ಟ ತಪ್ಪೇ ಬೇರೆ.

ಬೈನರಿ ಸರ್ಚ್ ದಿನ

ಬೈನರಿ ಸರ್ಚ್, ಅಂದ್ರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕೋದು, ಹುಡುಗರಿಗೆಲ್ಲ ಗೊತ್ತು. ಗೊತ್ತು ಅನ್ನೋದೇ ಕಷ್ಟ. ಹುಡುಕುವ ಭಾಗದ ಮೊದಲ ಜಾಗ ಲೋ, ಕೊನೆಯ ಜಾಗ ಹೈ, ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ನಡುವಿನ ಜಾಗ, ಮಿಡ್. ಒಂದು ದಿನ ಸುಮ್ನೆ ಲೋಗೆ 1500000000, ಹೈಗೆ 2000000000 ಹಾಕಿ ಮಿಡ್ ಪ್ರಿಂಟ್ ಮಾಡಿಸಿ. 1750000000 ಬರಬೇಕು. ನಮ್ಮ ಲ್ಯಾಬ್ ಮೆಷಿನ್‌ಗಳಲ್ಲಿ ಬಂದಿದ್ದು -397483648. ಕ್ಲಾಸು ಗಪ್‌ಚುಪ್.

ಆಗ ಕಾರಣ ಹುಡುಕಲಿ. ಸಿಯಲ್ಲಿ ಪೂರ್ಣಾಂಕ ಇಡುವ 32 ಬಿಟ್‌ನ ಇಂಟ್‌ನಲ್ಲಿ ಹಿಡಿಯುವುದು 2147483647ರವರೆಗೆ ಮಾತ್ರ, ಕೂಡಿದ ಮೊತ್ತ ಅದನ್ನು ದಾಟಿತು. ಆಮೇಲೆ ಹೇಳಿ: ಇದೇ ತಪ್ಪು ಜಾವಾದ ಸ್ವಂತ ಲೈಬ್ರರಿಯಲ್ಲಿ ಸುಮಾರು ಒಂಬತ್ತು ವರ್ಷ ಇತ್ತು, 2006ರಲ್ಲಿ ಅದರ ಬಗ್ಗೆ ಎಲ್ಲರಿಗೂ ತಿಳಿಯುವ ಹಾಗೆ ಬರೆದವರು ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ. ನನ್ನ ತಪ್ಪು ಅಂತ ಅವರು ಮುಚ್ಚಿಡಲಿಲ್ಲ. ಮೊದಲ ಕ್ರ್ಯಾಶ್‌ಗೆ ಮುಖ ಸಪ್ಪೆ ಮಾಡಿಕೊಳ್ಳುವ ಮಕ್ಕಳಿಗೆ ಈ ಕಥೆ ಹೇಳಲೇಬೇಕು. ತಿದ್ದುವುದು ಹೇಗೆ ಅಂತ ನೀವು ಹೇಳಬೇಡಿ. ಹೈನಲ್ಲಿ ಲೋ ಕಳೆದು, ಅದರ ಅರ್ಧವನ್ನು ಲೋಗೆ ಕೂಡಿಸಬೇಕು ಅಂತ ಯಾರಾದರೊಬ್ಬರು ಕಂಡುಹಿಡಿಯುತ್ತಾರೆ. ಹತ್ತು ನಿಮಿಷ ಕಾಯಿರಿ.

ಒಬ್ಬೊಬ್ಬರ ಹತ್ತಿರ ಕೂತು ಕೇಳೋದು

ಚಾಟ್‌ಜಿಪಿಟಿ ಬಂದಮೇಲೆ ಲ್ಯಾಬ್ ಮಾಡಿ ಏನು ಪ್ರಯೋಜನ ಅನ್ನುವ ಮಾತು ಸ್ಟಾಫ್ ರೂಮಿನಲ್ಲಿ ದಿನಾ ಕೇಳಿಸುತ್ತದೆ. ಮ್ಯಾನುಯಲ್‌ನ ಪ್ರೋಗ್ರಾಂ ಅದು ಕ್ಷಣದಲ್ಲಿ ಬರೆದುಕೊಡುತ್ತೆ, ನಿಜ. ಅದನ್ನು ತಡೆಯಲು ಇಂಟರ್ನೆಟ್ ಕಿತ್ತು ಹಾಕುವ ಬದಲು ಹುಡುಗರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಲೆಕ್ಕ ಹಾಕಿ: ಬ್ಯಾಚಿನಲ್ಲಿ 30 ಜನ. ಎಲ್ಲರನ್ನೂ ಪ್ರತಿ ವಾರ ಮಾತಾಡಿಸಲು ಆಗಲ್ಲ. ಒಂದು ವಾರ 15 ಜನ, ಒಬ್ಬೊಬ್ಬರಿಗೆ 4 ನಿಮಿಷ, ಒಟ್ಟು ಒಂದು ಗಂಟೆ. ಮುಂದಿನ ವಾರ ಉಳಿದ 15. ಉಳಿದ ಒಂದು ಗಂಟೆ ಎಲ್ಲರಿಗೂ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಪ್ರತಿಯೊಬ್ಬರ ಜೊತೆ ಐದಾರು ಸಲ ಕೂತು ಮಾತಾಡಿರುತ್ತೀರಿ. ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದವರ ಜೊತೆಗೂ.

ನಾಲ್ಕು ನಿಮಿಷದಲ್ಲಿ ಸ್ಟ್ಯಾಕ್ ಅಂದ್ರೇನು ಅಂತ ಡೆಫಿನಿಷನ್ ಕೇಳಬೇಡಿ. ಅವರ ಸ್ಕ್ರೀನ್ ಮೇಲಿನ ಒಂದು ಸಾಲಿಗೆ ಬೆರಳಿಟ್ಟು "ಇದನ್ನ ತೆಗೆದರೆ ಏನಾಗುತ್ತೆ?" ಅಂತ ಕೇಳಿ. ಉತ್ತರ ಹೇಳಿದ ಮೇಲೆ ತೆಗೆದು ರನ್ ಮಾಡಿಸಿ. ಊಹೆ ತಪ್ಪಾದರೆ ಅಂಕ ಕಳೆಯಬೇಡಿ, ಯಾಕೆ ತಪ್ಪಾಯಿತು ಅಂತ ಹೇಳಿದರೆ ಪೂರ್ತಿ ಅಂಕ ಕೊಡಿ. ಕೋಡ್ ಎಲ್ಲಿಂದ ಬಂತು ಅನ್ನುವ ಜಗಳವೇ ಇರಲ್ಲ. ಎಐ ಬರೆದಿದ್ದರೂ ಸರಿ, ಅದಕ್ಕೆ ಜವಾಬ್ದಾರಿ ತಗೊಳ್ಳಬೇಕು ಅಷ್ಟೇ.

ಮತ್ತೆ, ಈ ಮಾತುಕತೆ ಕನ್ನಡದಲ್ಲಿ ಆಗಲಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗ "ಪಾಯಿಂಟರ್ ಈಸ್ ಎ ವೇರಿಯಬಲ್ ವಿಚ್ ಸ್ಟೋರ್ಸ್ ಅಡ್ರೆಸ್" ಅಂತ ತಡವರಿಸದೆ ಒಪ್ಪಿಸುತ್ತಾನೆ. "ಅಂದ್ರೆ ಏನೋ, ನಿನ್ನ ಮಾತಲ್ಲಿ ಹೇಳು" ಅಂದರೆ ಮೊದಲು ಗಾಬರಿಯಾಗುತ್ತಾನೆ, ಆಮೇಲೆ "ಮನೆ ಅಲ್ಲ ಮೇಡಂ, ಮನೆ ವಿಳಾಸ ಬರೆದ ಚೀಟಿ" ಅಂತಾನೆ. ಅಷ್ಟು ಹೇಳಿದವನಿಗೆ ಒಂದೇ ವಿಳಾಸದ ಎರಡು ಚೀಟಿ ಇದ್ದು ಮನೆ ಕೆಡವಿದರೆ ಏನಾಗುತ್ತೆ ಅಂತ ಕೇಳಿ, ಡ್ಯಾಂಗ್ಲಿಂಗ್ ಪಾಯಿಂಟರ್ (ವಾಪಸ್ ಕೊಟ್ಟ ಜಾಗವನ್ನೇ ಇನ್ನೂ ತೋರಿಸುವ ಪಾಯಿಂಟರ್) ತಾನಾಗಿಯೇ ಬರುತ್ತದೆ. ಇಂಗ್ಲಿಷ್ ಪದ ಕೊನೆಗೆ ಕೊಡಿ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಲಿ, ಬೇಡ ಅನ್ನಲ್ಲ, ಆದರೆ ಯೋಚನೆ ಮಾಡುವ ಭಾಷೆಯನ್ನು ಲ್ಯಾಬ್ ಬಾಗಿಲಲ್ಲಿ ಬಿಟ್ಟು ಬಾ ಅಂತ ಹೇಳೋದು ದೊಡ್ಡ ಅನ್ಯಾಯ.

ಹಾರ್ಡ್‌ವೇರ್ ಮುಟ್ಟಿಸಿ

ಕಂಪ್ಯೂಟರ್ ಆರ್ಗನೈಸೇಶನ್ ಪೇಪರಿನಲ್ಲಿ ಕ್ಯಾಶ್ ಮೆಮೊರಿಗೆ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಹತ್ತು ಅಂಕದ ಪ್ರಶ್ನೆ ಬರುತ್ತದೆ, ಮ್ಯಾಪಿಂಗ್ ಚಿತ್ರ ಬರೆದು ಬರುತ್ತಾರೆ. ಕ್ಯಾಶ್ ಇದೆ ಅಂತ ಯಾರೂ ಕಣ್ಣಾರೆ ನೋಡಿರಲ್ಲ. ಅರ್ಧ ಗಂಟೆ ಸಾಕು. 4096ಕ್ಕೆ 4096ರ ಇಂಟ್ ಮ್ಯಾಟ್ರಿಕ್ಸ್ ತಗೊಳ್ಳಿ, ಒಟ್ಟು 64 ಎಂಬಿ. ಒಮ್ಮೆ ಸಾಲು ಸಾಲಾಗಿ ಕೂಡಿಸಿ, ಒಮ್ಮೆ ಕಂಬ ಕಂಬವಾಗಿ ಕೂಡಿಸಿ, ಎರಡಕ್ಕೂ ಸಮಯ ಅಳೆಯಿರಿ. ಉತ್ತರ ಒಂದೇ, ಕೂಡುವ ಲೆಕ್ಕವೂ ಅಷ್ಟೇ, ಆದರೆ ಎರಡನೆಯದು ಹಲವು ಪಟ್ಟು ನಿಧಾನ. ಸಾಮಾನ್ಯ ಪಿಸಿಯಲ್ಲಿ ಕ್ಯಾಶ್ ಒಂದು ಸಲಕ್ಕೆ 64 ಬೈಟ್ ತರುತ್ತದೆ, ಅಂದ್ರೆ 16 ಇಂಟ್. ಸಿ ಭಾಷೆ ಮ್ಯಾಟ್ರಿಕ್ಸನ್ನು ಮೆಮೊರಿಯಲ್ಲಿ ಸಾಲು ಸಾಲಾಗಿಯೇ ಇಡುತ್ತದೆ, ಹಾಗಾಗಿ ಸಾಲಾಗಿ ಹೋದರೆ ಹದಿನಾರೂ ಉಪಯೋಗಕ್ಕೆ ಬರುತ್ತವೆ. ಕಂಬವಾಗಿ ಹೋದರೆ ಪ್ರತಿ ಹೆಜ್ಜೆಗೂ 16 ಕೆಬಿ ಹಾರಬೇಕು, ತಂದ ಹದಿನಾರರಲ್ಲಿ ಒಂದನ್ನು ಮುಟ್ಟಿ ಮುಂದೆ ಹೋಗುತ್ತೇವೆ.

ಎರಡು ವಿಷಯ ನೆನಪಿಡಿ. ಆಪ್ಟಿಮೈಸೇಶನ್ (ಕಂಪೈಲರ್ ತಾನೇ ಕೋಡನ್ನು ಚುರುಕು ಮಾಡುವುದು) ಹಾಕದೆ ಕಂಪೈಲ್ ಮಾಡಿಸಿ, ಇಲ್ಲಾಂದ್ರೆ ಕಂಪೈಲರ್ ತಾನೇ ಲೂಪ್ ಅದಲು ಬದಲು ಮಾಡಿಬಿಡಬಹುದು. ಇನ್ನೊಂದು, ಮ್ಯಾಟ್ರಿಕ್ಸನ್ನು ಮೇನ್ ಫಂಕ್ಷನ್ ಒಳಗೆ ಬರೆದವರಿಗೆ ಪ್ರೋಗ್ರಾಂ ಶುರುವಿನಲ್ಲೇ ಕ್ರ್ಯಾಶ್ ಆಗುತ್ತದೆ. ಫಂಕ್ಷನ್ ಒಳಗಿನ ವೇರಿಯಬಲ್‌ಗಳು ಕೂರುವ ಸ್ಟ್ಯಾಕ್ ಮೆಮೊರಿಗೆ ಲಿನಕ್ಸಿನಲ್ಲಿ ಮಿತಿ ಸಾಮಾನ್ಯವಾಗಿ 8 ಎಂಬಿ. ಮೊದಲೇ ಎಚ್ಚರಿಸಬೇಡಿ, ಕ್ರ್ಯಾಶ್ ಆಗಲಿ, ಆಗ ಸ್ಟ್ಯಾಕ್ ಅಂದ್ರೆ ಬರೀ ಪುಶ್ ಪಾಪ್ ಅಲ್ಲ ಅಂತ ಗೊತ್ತಾಗುತ್ತೆ.

ಆಪರೇಟಿಂಗ್ ಸಿಸ್ಟಂ ಪಾಠ ಮಾಡುವವರು ಎಂಐಟಿಯವರ ಎಕ್ಸ್‌ವಿ6 ನೋಡಿ. ಪಾಠಕ್ಕೆಂದೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ ಇದು, ಉಚಿತ, ಮಾಮೂಲಿ ಪಿಸಿಯಲ್ಲಿ ಎಮ್ಯುಲೇಟರ್ (ಬೇರೆ ಮೆಷಿನ್‌ನಂತೆ ನಟಿಸುವ ಸಾಫ್ಟ್‌ವೇರ್) ಮೇಲೆ ಓಡುತ್ತದೆ. ಲಿನಕ್ಸ್ ಕರ್ನಲ್ ಕೋಟಿಗಟ್ಟಲೆ ಸಾಲು, ಇದು ಒಂದು ಸೆಮಿಸ್ಟರಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವಷ್ಟು ಚಿಕ್ಕದು. ಒಂದು ಹೊಸ ಸಿಸ್ಟಂ ಕಾಲ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಂನಿಂದ ಕೆಲಸ ಕೇಳುವ ದಾರಿ) ಸೇರಿಸಿದರೂ ಸಾಕು.

ಕೊನೇ ವರ್ಷದ ಪ್ರಾಜೆಕ್ಟ್

ದುಡ್ಡು ಕೊಟ್ಟು ಪ್ರಾಜೆಕ್ಟ್ ತರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೈದು ಪ್ರಯೋಜನ ಇಲ್ಲ. ಮೊದಲ ವಾರದಿಂದಲೇ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆ ದಾಖಲಿಸುವ ಸಾಧನ) ಕೆಲಸ ಮಾಡಲಿ, ರಿವ್ಯೂ ದಿನ ಪಿಪಿಟಿ ಬದಲು ಅದರ ಕಮಿಟ್ ಪಟ್ಟಿ ತೆರೆಸಿ, "ಈ ಮಂಗಳವಾರದ ಬದಲಾವಣೆ ಯಾಕೆ ಮಾಡಿದೆ?" ಅಂತ ಕೇಳಿ. ಪ್ರಾಜೆಕ್ಟ್ ಚಿಕ್ಕದಿದ್ದರೂ ಒಪ್ಪಿಕೊಳ್ಳಿ. ಕಾಲೇಜು ಬಸ್ಸಿನ ಸಮಯ ತೋರಿಸುವ, ನಿಜವಾಗಿ ನಾಲ್ಕು ಜನ ಬಳಸುವ ಪುಟ್ಟ ಆ್ಯಪ್, ಯಾರೂ ಓಡಿಸಿ ನೋಡದ ಮಷಿನ್ ಲರ್ನಿಂಗ್ ಶೀರ್ಷಿಕೆಗಿಂತ ಎಷ್ಟೋ ಮೇಲು.

ಎಕ್ಸ್‌ಟರ್ನಲ್ಸ್ ಕಥೆ ಏನು?

ಹೊಸದಾಗಿ ಶುರು ಮಾಡುವವರಿಗೆ ಇದೇ ಭಯ, ಹುಡುಗರಿಗೂ ಇದೇ ಭಯ. ಸೆಮಿಸ್ಟರ್ ಕೊನೆಯ ಲ್ಯಾಬ್ ಪರೀಕ್ಷೆಯ ಚೀಟಿಯಲ್ಲಿ ಬರುವುದು ಮ್ಯಾನುಯಲ್‌ನ ಪ್ರೋಗ್ರಾಮೇ. ಚೀಟಿ ಬದಲಿಸಲು ಒಂದೇ ಅವಕಾಶ, ಅದಕ್ಕೂ ಬರವಣಿಗೆಯ ಅಂಕ ಹೋಗುತ್ತದೆ. ಹಾಗಾಗಿ ಕೊನೆಯ ಮೂರು ವಾರ ಮ್ಯಾನುಯಲ್‌ಗೇ ಬಿಡಿ, ಪರೀಕ್ಷೆಯ ಹಾಗೆಯೇ ಚೀಟಿ ಎತ್ತಿಸಿ, ಸಮಯ ಇಟ್ಟು ಬರೆಸಿ. ಒಂಬತ್ತು ಹತ್ತು ವಾರ ಆ ಕೋಡನ್ನು ಮುರಿದು ಕಟ್ಟಿದವರಿಗೆ ಬಾಯಿಪಾಠದ ಅಗತ್ಯ ಕಡಿಮೆ ಇರುತ್ತದೆ, ಮರೆತರೆ ಅಲ್ಲೇ ಯೋಚಿಸಿ ಬರೆಯುತ್ತಾರೆ.

ನಿಮಗೆ ಜಾಸ್ತಿ ಆಗುವ ಕೆಲಸ ಅಂದ್ರೆ ತಪ್ಪು ಸೇರಿಸಿದ ಪ್ರೋಗ್ರಾಂ ತಯಾರಿಸೋದು, ಮೊದಲ ವರ್ಷ ವಾರಕ್ಕೆ ಒಂದು ಸಂಜೆ ಹಿಡಿಯುತ್ತದೆ. ಒಂದು ಫೋಲ್ಡರಿನಲ್ಲಿ ಇಡುತ್ತಾ ಹೋಗಿ. ಹುಡುಗರು ತಾವಾಗಿ ಮಾಡಿದ ಚಂದದ ತಪ್ಪುಗಳನ್ನೂ ಹೆಸರು ತೆಗೆದು ಅದರಲ್ಲೇ ಸೇರಿಸಿ, ನಾವು ಕೂತು ಹುಡುಕಿದರೂ ಅಷ್ಟು ಒಳ್ಳೆಯವು ಸಿಗಲ್ಲ. ಮುಂದಿನ ವರ್ಷ ಆ ಲ್ಯಾಬ್ ಬೇರೆಯವರಿಗೆ ಹೋದರೆ ಫೋಲ್ಡರನ್ನೂ ಅವರಿಗೇ ಕೊಟ್ಟುಬಿಡಿ, ಮೊದಲ ಎರಡು ವಾರ ಅವರ ಬ್ಯಾಚ್‌ನಲ್ಲಿ ಹೋಗಿ ಕೂತುಕೊಳ್ಳಿ.