ವ್ಯೋಮನೌಕೆಯ ಗಾಳಿ ತೊಳೆಯುವ ಡಬ್ಬ: ನೆಲದ ಮೇಲೆ ನಾವು ಪರೀಕ್ಷಿಸಿದ ಬಗೆ

ತೂಕವಿಲ್ಲದ ಕಡೆ ಬಿಸಿ ಗಾಳಿ ಮೇಲೇರುವುದಿಲ್ಲ. ಬಿಟ್ಟ ಉಸಿರು ಮುಖದ ಮುಂದೆಯೇ ಕವಿದು ನಿಲ್ಲುತ್ತದೆ. ಅದನ್ನು ಫ್ಯಾನೇ ಎಳೆದು, ಕಾರ್ಬನ್ ಡೈಆಕ್ಸೈಡ್ ಹೀರುವ ರಾಸಾಯನಿಕ ತುಂಬಿದ ಡಬ್ಬಕ್ಕೆ ಒಯ್ಯಬೇಕು. ಹಾಗಾಗಿ ಇಲ್ಲಿ ರಾಸಾಯನಿಕಕ್ಕಿಂತ ಗಾಳಿ ಹಿಡಿಯುವ ದಾರಿಯೇ ಹೆಚ್ಚು ಕಾಡುತ್ತದೆ.

ಮೊದಲು ಲೆಕ್ಕ. ಒಬ್ಬರು ದಿನಕ್ಕೆ ಸುಮಾರು 1 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಅಂದರೆ ನಿಮಿಷಕ್ಕೆ 0.38 ಲೀಟರ್. ಕ್ಯಾಬಿನ್ನಿನಲ್ಲಿ ಅದು ಶೇ. 0.3 ದಾಟಬಾರದೆಂದರೆ ಡಬ್ಬದ ಮೂಲಕ ನಿಮಿಷಕ್ಕೆ 127 ಲೀಟರ್ ಗಾಳಿ ಹಾಯಬೇಕು. ಐದರಲ್ಲೊಂದು ಪಾಲು ತೊಳೆಯದೆ ನುಸುಳಿದರೆ 160 ಬೇಕು.

ನೌಕೆಯಲ್ಲಿ ಲಿಥಿಯಂ ಹೈಡ್ರಾಕ್ಸೈಡ್ ಬಳಸುವುದು ಅದು ಹಗುರವೆಂದು. ಅದರ ಧೂಳು ಗಂಟಲು ಸುಡುತ್ತದೆ, ಆದ್ದರಿಂದ ನಾವು ಅದೇ ಕೆಲಸ ಮಾಡುವ, ಬಳಕೆಯಾದಂತೆ ಬಿಳಿಯಿಂದ ನೇರಳೆಗೆ ತಿರುಗುವ ಸೋಡಾ ಲೈಮ್ ಹರಳು ಹಾಕಿದೆವು. ಒಮ್ಮೆಲೇ ಸುರಿಯಬೇಡಿ. ಎರಡು ಬೆರಳೆತ್ತರ ತುಂಬಿ, ಡಬ್ಬದ ಸುತ್ತ ತಟ್ಟಿ, ಹರಳು ಕೂತ ಮೇಲೆ ಮುಂದಿನ ಪದರ. ಕೊನೆಗೆ ಜಾಲರಿ, ಅದರ ಮೇಲೆ ಸ್ಪ್ರಿಂಗ್ ಇರುವ ತಟ್ಟೆ. ಸ್ಪ್ರಿಂಗ್ ಒತ್ತದಿದ್ದರೆ ಅದುರಿದಾಗ ಹರಳು ಕುಸಿದು ಗೋಡೆಯ ಬದಿಗೆ ಸಂದಾಗುತ್ತದೆ, ಗಾಳಿ ಅಲ್ಲೇ ನುಗ್ಗುತ್ತದೆ.

ಇದನ್ನು ಪತ್ತೆಹಚ್ಚಲು ಒಳಗೆ ಬಿಸಿ ಅಳೆಯುವ ಮೂರು ತಂತಿ (ಥರ್ಮೋಕಪಲ್): ಬಾಗಿಲಲ್ಲಿ, ನಡುವೆ, ಕೊನೆಯಲ್ಲಿ. ಕ್ರಿಯೆ ನಡೆಯುವಲ್ಲಿ ಹರಳು ಬಿಸಿಯಾಗುತ್ತದೆ. ಆ ಬಿಸಿ ಮೆಲ್ಲಗೆ ಕೊನೆಯತ್ತ ಸರಿಯಬೇಕು. ಬಿಸಿ ಇನ್ನೂ ನಡುವೆ ಇರುವಾಗಲೇ ಹೊರಬಾಯಿಯ ಕಾರ್ಬನ್ ಡೈಆಕ್ಸೈಡ್ ಸೆನ್ಸರಿನ ಅಂಕಿ ಏರಿದರೆ ಗಾಳಿ ಅಡ್ಡದಾರಿ ಹಿಡಿದಿದೆ. ಕೂಡಲೇ ಡಬ್ಬ ಬಿಚ್ಚಿ ನೋಡಿ: ಒಳಗೆ ಬೆಳ್ಳಗೆ, ಗೋಡೆಯುದ್ದಕ್ಕೆ ನೇರಳೆ ಪಟ್ಟೆ. ತಡ ಮಾಡಿದರೆ ಬಣ್ಣ ಮಾಸಿ ಸಾಕ್ಷಿ ಅಳಿಯುತ್ತದೆ. ಇನ್ನೊಂದು ತಪ್ಪು, ಸಿಲಿಂಡರಿನ ಒಣ ಗಾಳಿ. ತೇವ ಹೋದ ಹರಳು ಕೆಲಸ ನಿಲ್ಲಿಸುತ್ತದೆ. ಗಾಳಿಯನ್ನು ನೀರಿನ ಮೂಲಕ ಗುಳ್ಳೆಯೆಬ್ಬಿಸಿ ಕಳುಹಿಸಿ.

ಕ್ಯಾಬಿನ್ನಿನ ಪರೀಕ್ಷೆ ಇನ್ನೂ ಸೂಕ್ಷ್ಮ. ನೆಲದ ಮೇಲೆ ಬಿಸಿ ಉಸಿರು ತಾನೇ ಮೇಲೇರಿ ನಮ್ಮನ್ನು ಮೋಸ ಮಾಡುತ್ತದೆ, ಬರಿಯ ಕಾರ್ಬನ್ ಡೈಆಕ್ಸೈಡ್ ಕೆಳಗಿಳಿಯುತ್ತದೆ. ನಾವು ಗಾತ್ರದ ಲೆಕ್ಕದಲ್ಲಿ ಐದು ಪಾಲು ಕಾರ್ಬನ್ ಡೈಆಕ್ಸೈಡಿಗೆ ಮೂರು ಪಾಲು ಹೀಲಿಯಂ ಬೆರೆಸಿದೆವು. ಈ ಮಿಶ್ರಣ ಗಾಳಿಯಷ್ಟೇ ಭಾರ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬಿಸಿ ಮಾಡದ ಬೊಂಬೆಯ ಬಾಯಿಂದ ಇದನ್ನು ಬಿಡಬೇಕು. ಒಳಗೆ ಮನುಷ್ಯರು ಇರಕೂಡದು. ಮುಖದ ಮುಂದಿನ ಸೆನ್ಸರ್, ಗಾಳಿ ಹೀರುವ ಕಿಂಡಿಯ ಸೆನ್ಸರಿಗಿಂತ ಬಹಳ ಹೆಚ್ಚು ತೋರಿಸಿದರೆ ಫ್ಯಾನ್ ಜೋರು ಮಾಡುವ ಮೊದಲು ಕಿಂಡಿಯ ರೆಕ್ಕೆ ತಿರುಗಿಸಿ. ಕೆನ್ನೆ ಸವರಿ ಹೋಗುವ ಗಾಳಿಗೆ ಸೆಕೆಂಡಿಗೆ 0.1 ಮೀಟರ್ ವೇಗ ಸಾಕು.